ಬಿಸ್ಮಿಲ್ಲಾ ಬೀ ಕಾಯಿಸುವ ಕರಿ ಬರ್ಫಿ

ನಸುಕಿನ ಐದು ಗಂಟೆ. ರಾಯಚೂರು ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಒಲೆ ಉರಿಯುತ್ತಿರುವುದು ಒಂದೇ ಮನೆಯಲ್ಲಿ. ಕಲಾಯಿ ಹಾಕಿದ ಹಿತ್ತಾಳೆ ಬೋಗುಣಿಯಲ್ಲಿ ಎಂಟು ಸೇರು ಎಮ್ಮೆ ಹಾಲು ಅರ್ಧಕ್ಕೆ ಇಳಿದಿದೆ. ಬಿಸ್ಮಿಲ್ಲಾ ಬೀ ಮರದ ಸಟ್ಟುಗದಿಂದ ತಳ ಕೆರೆಯುತ್ತಲೇ ಇದ್ದಾರೆ. ಬಲಗೈ ಸೋತರೆ ಎಡಗೈ. ಎಂಟು ಗಂಟೆಗೆ ಮಾನ್ವಿಗೆ ಹೋಗುವ ಮೋಟಾರು ಬಸ್ಸು ಹೊರಡುತ್ತದೆ. ಅಷ್ಟರೊಳಗೆ ಎರಡು ಸೇರು ಕರಿ ಬರ್ಫಿ ಡಬ್ಬಿ ಸೇರಬೇಕು.

ದೀಪಾವಳಿಗೆ ಎರಡೇ ದಿನ ಉಳಿದಿವೆ. ಮಾನ್ವಿಯ ಪಾರ್ವತೆಮ್ಮನ ಮನೆಗೆ ಹೊಸ ಅಳಿಯ ಮೊದಲ ಹಬ್ಬಕ್ಕೆ ಬಂದಿದ್ದಾನೆ. ಅವನ ತಾಟಿಗೆ ಈ ಬರ್ಫಿಯೇ ಬೇಕೆಂದು ಆಕೆ ತಿಂಗಳ ಹಿಂದೆಯೇ ಹೇಳಿಕಳಿಸಿದ್ದರು. ಮಾಡಿಕೊಡುತ್ತೇನೆಂದು ಬಿಸ್ಮಿಲ್ಲಾ ಬೀ ಮಾತು ಕೊಟ್ಟಿದ್ದಾರೆ. ಆದರೆ ಈ ಸಲ ಪಡಿತರ ಕೊಡುವ ಕಂಟ್ರೋಲ್ ಅಂಗಡಿಗೆ ಸಕ್ಕರೆಯೇ ಬಂದಿಲ್ಲ. ಮಹಾಯುದ್ಧ ಮುಗಿದು ಎರಡು ತಿಂಗಳಾದರೂ ಸಕ್ಕರೆಯ ಮೇಲಿನ ಕಟ್ಟು ಸಡಿಲಾಗಿಲ್ಲ.

ಐವತ್ತೆರಡರ ಬಿಸ್ಮಿಲ್ಲಾ ಬೀ ಹುಟ್ಟಿದ್ದು ದೇವದುರ್ಗದಲ್ಲಿ. ರೈಲ್ವೆಯಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದ ಗಂಡ ಏಳು ವರ್ಷದ ಹಿಂದೆ ತೀರಿಕೊಂಡ ಮೇಲೆ ಇಂಗ್ಲಿಷ್ ಅಧಿಕಾರಿಯೊಬ್ಬರ ಬಂಗಲೆಯಲ್ಲಿ ಅಡುಗೆಗೆ ನಿಂತರು. ಅಲ್ಲಿಯ ಮೇಮ್‌ಸಾಬ್ ಪ್ರತಿ ಕ್ರಿಸ್ಮಸ್ಸಿಗೆ ಹಾಲು, ಸಕ್ಕರೆ, ಬೆಣ್ಣೆ, ಕೋಕೋ ಪುಡಿ ಸೇರಿಸಿ ಕಂದು ಬಣ್ಣದ ಮಿಠಾಯಿ ಮಾಡುತ್ತಿದ್ದರು. ಅದರ ಹೆಸರು ಫಜ್. ಬಿಸ್ಮಿಲ್ಲಾ ಬೀ ಬೆಣ್ಣೆಯ ಬದಲು ತುಪ್ಪ ಹಾಕಿದರು, ಹಾಲನ್ನು ಖೋವಾ ಆಗುವ ತನಕ ಕಾಯಿಸಿದರು. ಊರು ಅದನ್ನು ಕರಿ ಬರ್ಫಿ ಎಂದಿತು.

"ಮೊದ್ಲು ದೇವದುರ್ಗಕ್ಕ ಒಯ್ದಾಗ ನಮ್ಮಕ್ಕ ಮೂಸಿ ನೋಡಿ, 'ಸೀದದ್ದನ್ನ ನಮಗ ತಂದೀ ಏನ? ಚಲೋದು ದೊರಿಗಳು ತಿಂದ್ರೇನು?' ಅಂದ್ಲು," ಎಂದು ನಗುತ್ತಾರೆ. "ಹೊಳ್ಳಿ ಬರೋವಾಗ ಡಬ್ಬಿ ಆಕಿನೇ ಇಟ್ಕೊಂಡ್ಲು."

ಈಗ ರಂಜಾನ್, ದೀಪಾವಳಿ, ಕ್ರಿಸ್ಮಸ್ ಮೂರಕ್ಕೂ ಇವರ ಒಲೆ ಉರಿಯುತ್ತದೆ. ಕಳೆದ ರಂಜಾನಿಗೆ ಇಪ್ಪತ್ತೆರಡು ಸೇರು ಬರ್ಫಿ ಹೋಯಿತು. ಕೋಕೋ ಡಬ್ಬಿಗಳು ಸಿಕಂದರಾಬಾದಿನಿಂದ ರೈಲಿನಲ್ಲಿ ಬರುತ್ತವೆ.

ನಿನ್ನೆ ಬೆಳಿಗ್ಗೆ ಸಕ್ಕರೆಯ ಬದಲು ಬೆಲ್ಲ ಹಾಕಿದರು. ಬಂಗಲೆಯಲ್ಲಿ ಕಲಿತಂತೆ ಹಾಲು, ಸಿಹಿ, ಕೋಕೋ ಎಲ್ಲ ಒಟ್ಟಿಗೇ ಒಲೆಯ ಮೇಲೆ. ಕುದಿ ಬಂದದ್ದೇ ತಡ, ಆರು ಸೇರು ಹಾಲು ಒಡೆದು ನೀರು ಬೇರೆ, ಗಟ್ಟಿ ಬೇರೆಯಾಯಿತು.

"ಹುಗ್ಗಿಗೆ ಬೆಲ್ಲ ಹಾಕೋವಾಗ ಹಾಲು ಕಡೀಗೆ ಅಂತ ನನಗ ಗೊತ್ತಿಲ್ಲೇನು? ಮನಿ ಅಡಗಿ ಮಾಡೋ ಕೈಗೆ ಗೊತ್ತಿತ್ತು. ಬಂಗ್ಲೆ ಮಿಠಾಯಿ ಮಾಡೋ ಕೈಗೆ ಗೊತ್ತಿರಲಿಲ್ಲ," ಎನ್ನುತ್ತಾರೆ. ಕೈ ಮಾತ್ರ ನಿಲ್ಲುವುದಿಲ್ಲ.

ಇಂದು ಕ್ರಮ ಬದಲಾಗಿದೆ. ಆರು ಗಂಟೆಗೆ ಹಾಲು ಗಟ್ಟಿಯಾಗಿ ಬೋಗುಣಿ ಬಿಡುತ್ತದೆ. ಅದನ್ನು ಕೆಳಗಿಳಿಸುತ್ತಾರೆ. ಪಕ್ಕದ ಒಲೆಯಲ್ಲಿ ಸೋಸಿದ ಬೆಲ್ಲದ ಪಾಕ. ಒಂದು ಹನಿಯನ್ನು ತಣ್ಣೀರಿನ ಬಟ್ಟಲಿಗೆ ಬಿಟ್ಟು ಬೆರಳಿನಿಂದ ಕೂಡಿಸುತ್ತಾರೆ, ಮೆತ್ತನೆಯ ಉಂಡೆಯಾಗುತ್ತದೆ. ಪಾಕವೂ ಖೋವಾವೂ ಆರಿ ಉಗುರು ಬೆಚ್ಚಗಾದ ಮೇಲೆ ಎರಡನ್ನೂ ಕೂಡಿಸಿ, ತುಪ್ಪದಲ್ಲಿ ಕಲಸಿದ ಕೋಕೋ ಸುರಿದು, ಹೊಳಪು ಅಡಗುವ ತನಕ ತಿರುವುತ್ತಾರೆ. ಹಾಲು ಒಡೆಯುವುದಿಲ್ಲ. ಏಳಕ್ಕೆ ತಾಟಿಗೆ ಹರವುತ್ತಾರೆ.

ಮೋಟಾರಿನ ಕ್ಲೀನರ್ ಸುಂಕಪ್ಪ ಬಂದಾಗ ಚಾಕು ತಾಟಿನಲ್ಲಿದೆ. ತುಣುಕುಗಳು ಅಂಚು ಮುರಿಯದೆ ಏಳುತ್ತವೆ.

"ಲಗೂನ ಬೂಬಮ್ಮ, ಡ್ರೈವರ್ ನನ್ನ ಬಿಟ್ಟೇ ಹೊಂಟಾನು!"

"ನೀ ಇಲ್ದ ಮೋಟಾರ ದೂಡೋರು ಯಾರಲೇ? ನಿಂದ್ರು." ಡಬ್ಬಿಯನ್ನು ಕೈಗೆ ಕೊಡುವ ಮೊದಲು ಅವನ ತೋಳು ಹಿಡಿಯುತ್ತಾರೆ. "ಪಾರ್ವತೆಮ್ಮಗ ಹೇಳು, ಇದು ಬೆಲ್ಲದ್ದು. ಮನಸ್ಸಿಗೆ ಬರದಿದ್ರ ಹೊಳ್ಳಿ ಕಳಿಸ್ಲಿ."

"ಹೇಳದಿದ್ರ ಯಾರಿಗೆ ತಿಳೀತದ?"

"ತಿಂದ ಮ್ಯಾಲ ಹೇಳಿದ್ರ ತಪ್ಪು ಮುಚ್ಚಿದಂಗ. ಮೊದ್ಲ ಹೇಳಿದ್ರ ರುಚಿ ಕೇಳಿದಂಗ. ನೀ ಡಬ್ಬಿ ತೆಗ್ಯೂದ್ರೊಳಗ ಹೇಳು."

ಆ ದಿನವೆಲ್ಲ ಅವರು ಬೇರೆ ಕೆಲಸ ಹಿಡಿಯುವುದಿಲ್ಲ. ಪಾತ್ರೆ ಎರಡು ಸಲ ತಿಕ್ಕುತ್ತಾರೆ. ಸಂಜೆ ಮೋಟಾರಿನ ಸದ್ದಿಗೆ ಬಾಗಿಲಿಗೆ ಬರುತ್ತಾರೆ. ಸುಂಕಪ್ಪ ಡಬ್ಬಿಯನ್ನು ತಲೆಯ ಮೇಲೆತ್ತಿ ಬಾರಿಸುತ್ತ ಬರುತ್ತಿದ್ದಾನೆ. ಖಾಲಿ ಡಬ್ಬಿಯ ಸದ್ದು.

"ಬೆಲ್ಲದ್ದು ಅಂದೆ, ಪಾರ್ವತೆಮ್ಮನವರ ಮಾರಿ ಸಣ್ಣದಾತು. ಅಳಿಯ ಸಾಹೇಬ್ರು ಒಂದು ಬಾಯಾಗ ಇಟ್ಕೊಂಡ್ರು ನೋಡು, ಹಬ್ಬದ ತನಕ ಕಾಯೋ ಮಾತೇ ಇಲ್ಲ! ಸಕ್ಕರಿ ಬಂದ್ರೂ ಇನ್ಮ್ಯಾಲ ಬೆಲ್ಲದ್ದೇ ಕಳಿಸಬೇಕಂತ."

ಬಿಸ್ಮಿಲ್ಲಾ ಬೀ ಹೊಸ್ತಿಲ ಮೇಲೆ ಕೂರುತ್ತಾರೆ. ಬಲ ರಟ್ಟೆಯನ್ನು ಒತ್ತಿಕೊಳ್ಳುತ್ತಾರೆ. ಬೆಲ್ಲದ್ದು ತಿರುವಲು ಅರ್ಧ ತಾಸು ಹೆಚ್ಚು.

"ಇನ್ನ ಕಂಟ್ರೋಲ್ ಹೋದ್ರೂ ನನ್ನ ರಟ್ಟಿಗೆ ಬಿಡುಗಡಿ ಇಲ್ಲಂದಂಗಾತು," ಎಂದು ಗೊಣಗುತ್ತಾರೆ. ಗೊಣಗುವಾಗಲೂ ಮುಖದ ನಗು ಅಡಗುವುದಿಲ್ಲ. "ನಾಳಿ ದೇವದುರ್ಗದವರದ್ದು ಮಾಡಬೇಕು. ಹಾಲಿನವಗ ಹತ್ತು ಸೇರು ಹೇಳಿ ಹೋಗಪ್ಪಾ."