ತಿರುಗಿ ನೋಡಲೆಂದು ನಿಂತಿದ್ದ ಕಾಕು

ನಾನು ನೋಡಿದ್ದೆನೋ ಇಲ್ಲವೋ, ಖಚಿತವಾಗಿ ಹೇಳಲಾರೆ. ಆ ಬೆಳಗನ್ನು ಎಷ್ಟು ಸಲ ತಿರುವಿ ಹಾಕಿದ್ದೇನೆಂದರೆ, ನಡೆದದ್ದು ಯಾವುದು, ಆಮೇಲೆ ನಾನೇ ಜೋಡಿಸಿಕೊಂಡದ್ದು ಯಾವುದು ಎಂದು ಈಗ ಬಿಡಿಸಲು ಬರುವುದಿಲ್ಲ. ಹೋದ ತಿಂಗಳು ನನ್ನ ವಿದ್ಯಾರ್ಥಿನಿಯೊಬ್ಬಳು ಬುತ್ತಿ ಬಿಚ್ಚಿದಾಗ ಗುರೆಳ್ಳು ಚಟ್ನಿಯ ವಾಸನೆ ಬಂತು. ಅಂಥದೇ ಚಟ್ನಿ ಕುಟ್ಟಿ ಬಡಿಸುತ್ತಿದ್ದ ಕಾಕು ನೆನಪಾದರು. ನನಗೆ ಊಟ ಸೇರಲಿಲ್ಲ...

ತೊಂಬತ್ತರ ದಶಕದ ಕೊನೆ. ಎಂ.ಬಿ.ಬಿ.ಎಸ್. ಮುಗಿಸಿ, ವೈದ್ಯರು ತಲುಪದ ಜನರ ಆರೋಗ್ಯದ ಬಗ್ಗೆ ಸ್ನಾತಕೋತ್ತರ ಓದಿಗೆ ಸೇರಿದ್ದೆ. ಪಾಠ ಹೇಳಲು ಹೊರದೇಶದವರೂ ಬರುತ್ತಿದ್ದರು. ಹಳ್ಳಿಯಲ್ಲಿದ್ದು ಕಲಿಯುವ ತರಬೇತಿಗೆ ನನಗೆ ಸಿಕ್ಕ ಊರು ಸುರೇಬಾನ. ಅಲ್ಲಿ ನನಗೆ ಬಾಡಿಗೆಗೆ ಕೋಣೆ ಕೊಟ್ಟವರನ್ನು ಓಣಿಯೆಲ್ಲ ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿತ್ತು. ಗಂಡ ತೀರಿಕೊಂಡಿದ್ದರು. ಒಬ್ಬಳೇ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು.

ನಾನು ಮನೆಮನೆಗೆ ಹೋಗಿ ಪ್ರಶ್ನೆ ಕೇಳುವುದು ಕಾಕುವಿಗೆ ತಮಾಷೆ.

"ಏನ್ರಿ ಡಾಕ್ಟರ, ಇಷ್ಟು ಸಾಲಿ ಕಲತು ಮತ್ತ ನಮ್ಮನ್ನ ಕೇಳಾಕ ಬಂದೀರಲ್ಲ, ಸಾಲ್ಯಾಗ ಏನೂ ಹೇಳಿಲ್ಲೇನು?"

"ಸುಮ್ಮನಿರಬೇ ಯವ್ವಾ," ಮಗಳು ನಗುತ್ತಿದ್ದಳು. "ಪಾಪ, ಪಗಾರ ಇಲ್ದ ತಿರಗಾಕ ಹತ್ಯಾರ."

ಅವಳ ಪಾದಗಳು ಊದಿದ್ದವು. ರಕ್ತದೊತ್ತಡ ನೋಡಿದೆ, ತುಸು ಹೆಚ್ಚಿತ್ತು. ಅಂದೇ ರಾಮದುರ್ಗದ ಆಸ್ಪತ್ರೆಗೆ ಕರೆದೊಯ್ಯಬಹುದಿತ್ತು. ಆದರೆ ಮರುದಿನ ಧಾರವಾಡದಲ್ಲಿ ನನ್ನ ಪ್ರಬಂಧದ ಪರೀಕ್ಷೆ. "ನಾ ಬಂದ ಮ್ಯಾಲೆ ಹೋಗೂಣ್ರಿ. ನಾ ಹೊಂಡೂದ್ರೊಳಗ ತಲಿ ನೋವು ಬಂದ್ರ ಕೂಡ್ಲೆ ಹೇಳ್ರಿ," ಎಂದೆ. ಪ್ರಬಂಧದ ವಿಷಯ, ಹಳ್ಳಿಯ ಗರ್ಭಿಣಿಯರು ಆಸ್ಪತ್ರೆಗೆ ಏಕೆ ತಡವಾಗಿ ಬರುತ್ತಾರೆ ಎಂಬುದು.

ಬೆಳಿಗ್ಗೆ ಕಾಕು ಅಂಗೈಗೆ ಮೊಸರು-ಸಕ್ಕರೆ ಹಾಕಿ ಕಳಿಸಿಕೊಟ್ಟರು. ರಸ್ತೆಗೆ ಬಂದೆ, ನಿಂತಿದ್ದ ಬಸ್ ಹತ್ತಿ ಕಿಟಕಿಗೆ ಕುಳಿತೆ. ಹೊರಡುವಾಗ ಕಾಕು ಹೊಸ್ತಿಲಲ್ಲಿದ್ದರು, ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದರು... ಅಥವಾ ಇದು ನಂತರ ಕೇಳಿ ನಾನು ಬಿಡಿಸಿಕೊಂಡ ಚಿತ್ರ. ತೊಡೆಯ ಮೇಲಿನ ಹಾಳೆಗಳನ್ನು ಓದುತ್ತಿದ್ದೆ ಎಂಬುದಷ್ಟೇ ನಿಜ.

ಆ ಮಧ್ಯಾಹ್ನ ಮಗಳಿಗೆ ಫಿಟ್ಸ್ ಬಂದವು. ಟೆಂಪೊ ಹುಡುಕಿ ರಾಮದುರ್ಗ ಮುಟ್ಟುವಷ್ಟರಲ್ಲಿ ಅವಳೂ ಉಳಿಯಲಿಲ್ಲ, ಕೂಸೂ ಉಳಿಯಲಿಲ್ಲ. ಮರುದಿನ ನಾನು ಬಂದಾಗ ಕಾಕು ಗೋಡೆಗೆ ಒರಗಿ ಕುಳಿತಿದ್ದರು.

"ನೀವು ಹೊರಗ ಬಿದ್ದ ಕೂಡ್ಲೆ ತಲಿ ಸಿಡೀತೈತಿ ಅಂದ್ಳು. ಓಡಿ ಬಂದೆ. ನೀವು ಬಸ್ಸಿನ್ಯಾಗ ಕುಂತಿದ್ರಿ."

"ಒಂದು ಕೂಗು ಹಾಕಬಾರದಾಗಿತ್ತೇನ್ರಿ, ಕಾಕು?"

"ಛಲೋ ಕೆಲಸಕ್ಕ ಹೊಂಟಾವ್ರನ್ನ ಹಿಂದಿನಿಂದ ಹೆಂಗ ಕರೀಲಿ? ನಿಮ್ಮ ಪರೀಕ್ಷಾ ಕೆಟ್ಟಿದ್ರ?" ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ಒಮ್ಮಿ ತಿರಗಿ ನೋಡ್ತೀರಿ ಅಂತ ನಿಂತಿದ್ದೆ."

"ನನಗ ಕಾಣಲಿಲ್ರಿ," ಎಂದೆ. ಅವರು ನಂಬಿದರು.

ಪರೀಕ್ಷೆ ಪಾಸಾಯಿತು. ಮುಂದೆ ನಾನೇ ಪಾಠ ಹೇಳುವವನಾದೆ. ಎರಡು ಸಾವಿರದ ಇಸವಿಯ ನಂತರ ಎಷ್ಟೋ ತಂಡಗಳಿಗೆ ಈ ಸಾವನ್ನು ಉದಾಹರಣೆಯಾಗಿ ಹೇಳಿದ್ದೇನೆ: ಹೊರಟವರನ್ನು ಹಿಂದಿನಿಂದ ಕರೆಯಬಾರದೆಂಬ ನಂಬಿಕೆ ಹೇಗೆ ಜೀವ ತೆಗೆಯುತ್ತದೆ ಎಂದು. ವಿದ್ಯಾರ್ಥಿಗಳು ಬರೆದುಕೊಳ್ಳುತ್ತಿದ್ದರು. ಹೊರಟವನು ಡಾಕ್ಟರನಾಗಿದ್ದ, ಊದಿದ ಕಾಲು ಕಂಡೂ ಹೊರಟಿದ್ದ ಎಂದು ಹೇಳಲಿಲ್ಲ. ಮನೆ ಓಣಿಯ ಒಳಗೆ, ಬಸ್ಸಿನಿಂದ ಕಾಣುವಂತೆಯೇ ಇರಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಬಂದೆ.

ಹೋದ ವಾರ ಬೈಲಹೊಂಗಲದಲ್ಲಿ ಕೆಲಸವಿತ್ತು. ಮುಗಿಸಿ, ಸವದತ್ತಿ ಹಾಯ್ದು ಸುರೇಬಾನಕ್ಕೆ ಹೋದೆ. ಕಾಕು ತೀರಿಕೊಂಡು ಬಹಳ ವರ್ಷಗಳಾಗಿವೆ. ಮನೆಯಲ್ಲಿ ಅವರ ಮೈದುನನ ಮಕ್ಕಳಿದ್ದಾರೆ, ಅವರಿಗೆ ನನ್ನ ಗುರುತಿಲ್ಲ. ಏನು ಹೇಳಬೇಕೆಂದು ಹೋಗಿದ್ದೆನೋ, ಅದನ್ನು ಕೇಳುವವರೇ ಇರಲಿಲ್ಲ. ಬಸ್ ಈಗಲೂ ಅದೇ ಜಾಗದಲ್ಲಿ ನಿಲ್ಲುತ್ತದೆ. ಹತ್ತಿ ಕಿಟಕಿಗೆ ಕುಳಿತೆ.

ಅಲ್ಲಿಂದ ಹೊಸ್ತಿಲು ಕಾಣುತ್ತದೆ. ನಿಂತವರ ಮುಖವೂ ಕಾಣುತ್ತದೆ.