ಗೋಮಾಳದಲ್ಲಿ ಕೇಳಿದ ಒಂದು ಗುಂಟೆ

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ ಸರ್ವೇಯರ್ ಆಗಿದ್ದೆ. ಅದಕ್ಕೆ ಮುಂಚೆ ಅರಕಲಗೂಡು, ಹೊಳೆನರಸೀಪುರ ತಾಲ್ಲೂಕುಗಳಲ್ಲಿ ಸರಪಳಿ ಎಳೆದು ಬಂದವನು. ನನ್ನ ಅಳತೆ ತಪ್ಪೆಂದು ಅಪೀಲು ಹೋದ ಯಾರೂ ಗೆದ್ದಿರಲಿಲ್ಲ. ಇದನ್ನು ಜಂಬಕ್ಕೇ ಹೇಳುತ್ತಿದ್ದೇನೆ. ಆದರೆ ಒಂದು ಸಲ ಅಳತೆ ಸರಿಯಿದ್ದೂ ನಾನು ತಪ್ಪಿದ್ದೆ.

ದಂಡಿಗನಹಳ್ಳಿ ಹೋಬಳಿಯ ಒಂದು ಊರಿನವರಾದ ಚೆನ್ನಪ್ಪನವರು ಆಗ ನಮ್ಮ ಶಾಸಕರು. ಅಧಿವೇಶನ ಮುಗಿಸಿ ಬೆಂಗಳೂರಿನಿಂದ ಬಸ್ಸಿನಲ್ಲೇ ಬರುತ್ತಿದ್ದರು. ಕಚೇರಿಗೆ ಬಂದರೆ ರೈತರ ಜೊತೆ ಬೆಂಚಿನ ಮೇಲೆ ಕೂತು ತಮ್ಮ ಸರದಿ ಕಾಯುತ್ತಿದ್ದರು. ನಾವು ಎದ್ದು ನಿಂತರೆ ಅವರಿಗೆ ಸಿಟ್ಟು ಬರುತ್ತಿತ್ತು.

ನಾನು ಆ ತಾಲ್ಲೂಕಿಗೆ ಹೋದ ಹೊಸತರಲ್ಲಿ ಅವರೇ ಒಂದು ಅರ್ಜಿ ಹಿಡಿದು ಬಂದರು. ಊರಿನ ದನಗಳ ಮೇವಿಗೆಂದು ಬಿಟ್ಟ ಸರ್ಕಾರಿ ಜಮೀನಿಗೆ ಗೋಮಾಳ ಎನ್ನುತ್ತೇವೆ. ಅವರ ಸ್ವಂತ ತಮ್ಮ ಬೋರಪ್ಪ ತನ್ನ ರಾಗಿ ಹೊಲದ ಬೇಲಿಯನ್ನು ಅದರೊಳಕ್ಕೆ ಸರಿಸಿದ್ದಾನೆಂದು ಊರವರು ದೂರು ಬರೆದಿದ್ದರು.

"ನನ್ ತಮ್ಮನ್ ಮ್ಯಾಲೆ ಬಂದಿರೋ ಅರ್ಜಿ ಇದು. ಬ್ಯಾರೆ ಎಲ್ಲಾ ಆಮ್ಯಾಕೆ, ಮೊದ್ಲು ಇದುನ್ನ ಅಳೀರಿ," ಎಂದರು.

ಅಳೆದೆ. ಹನ್ನೊಂದು ಗುಂಟೆ ಒತ್ತುವರಿ ಬಂತು. ಚೆನ್ನಪ್ಪನವರು ಅಂದೇ ಬೇಲಿ ಕೀಳಿಸಿದರು. ತಮ್ಮ ಮುನಿಸಿಕೊಂಡು ಮಾತು ಬಿಟ್ಟ.

ನಾಲ್ಕು ವರ್ಷದ ಮೇಲೆ, ಶಾಸಕರಾಗಿದ್ದಾಗಲೇ, ಚೆನ್ನಪ್ಪನವರು ಹಾಸನದ ಆಸ್ಪತ್ರೆಯಲ್ಲಿ ತೀರಿಕೊಂಡರು. ಪಟ್ಟಣದ ಅಂಗಡಿಗಳು ಯಾರೂ ಹೇಳದೆ ಬಾಗಿಲು ಹಾಕಿದವು. ನಾನೂ ಅತ್ತೆ. ತಿಂಗಳೊಳಗೆ ಊರಿನಲ್ಲಿ ಸ್ಮಾರಕ ಸಮಿತಿಯಾಯಿತು. ಅಧ್ಯಕ್ಷ ಬೋರಪ್ಪನೇ. ಮಂಟಪ ಕಟ್ಟಲು ಗೋಮಾಳದಲ್ಲಿ ಒಂದು ಗುಂಟೆ ಬೇಕೆಂದು ಅರ್ಜಿ ಬಂತು. ಅಳೆದು, ನಕ್ಷೆ ಬರೆದು, ಅಭಿಪ್ರಾಯ ಕೊಡಿ ಎಂದು ತಹಸೀಲ್ದಾರರು ಫೈಲನ್ನು ನನಗೆ ಕಳಿಸಿದರು. 'ಅಭ್ಯಂತರವಿಲ್ಲ' ಎಂದು ನಾನು ಬರೆದರೆ ಜಾಗ ಮಂಜೂರಾದ ಹಾಗೆಯೇ.

ಖುಷಿಯಿಂದಲೇ ಹೋದೆ. ನಮ್ಮ ಸರಪಳಿ ಮೂವತ್ತಮೂರು ಅಡಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲವಿದ್ದರೆ ಒಂದು ಗುಂಟೆ. ಅರ್ಧ ಗಂಟೆಯಲ್ಲಿ ನಾಲ್ಕು ಮೂಲೆಗೂ ಗೂಟ ಹೊಡೆಸಿದೆ. ಬೋರಪ್ಪ ತೋರಿಸಿದ ಜಾಗ ಹಿಂದೆ ಅವನ ಬೇಲಿ ಕಿತ್ತ ಜಾಗವೇ ಎಂಬುದು ನನಗೆ ತಿಳಿಯದೆ ಇರಲಿಲ್ಲ. ಅಂಥ ದೊಡ್ಡ ಮನುಷ್ಯನಿಗೆ ಒಂದು ಗುಂಟೆ ಯಾವ ಲೆಕ್ಕ ಎಂದುಕೊಂಡು ಸುಮ್ಮನಾದೆ.

ಅಲ್ಲೇ ಎರಡು ಹಸು ಮೇಯಿಸುತ್ತಿದ್ದ ಕೆಂಪಮ್ಮ ಎಂಬ ಮುದುಕಿ ಹತ್ತಿರ ಬಂದು, ಏನು ಅಳೆಯುತ್ತಿದ್ದೀರಿ ಎಂದು ಕೇಳಿದಳು. ಹೇಳಿದೆ.

"ಚೆನ್ನಪ್ನೋರು ನಮ್ ದನಗಳ್ಗೆ ಅಂತ ಬುಡುಸ್ಕೊಟ್ಟ ಜಾಗ ಕಣ ಸಾ ಇದು. ಈಗ ಅವ್ರ್ ಎಸ್ರು ಏಳ್ಕಂಡೇ ಕಿತ್ಕತ್ತೀರಾ?"

"ಓಗಮ್ಮ ಅತ್ಲಾಗೆ, ನಿಂಗೇನ್ ಗೊತ್ತಾದದು," ಎಂದ ಬೋರಪ್ಪ. ಅವಳು ಕದಲಲಿಲ್ಲ.

ನನಗೆ ನಾಚಿಕೆಯಾಯಿತು. ಇಂದು ಮಂಟಪ, ನಾಳೆ ಅದಕ್ಕೊಂದು ದಾರಿ, ಆಮೇಲೆ ಕಾಂಪೌಂಡು. ಶಾಸಕರಿಗೆ ಕೊಟ್ಟ ಮೇಲೆ ಮುಂದಿನವನಿಗೆ ಇಲ್ಲ ಎನ್ನಲು ಯಾವ ಸರ್ವೇಯರನಿಗೂ ಬಾಯಿರುವುದಿಲ್ಲ. ಈ ಕಸುಬಿನಲ್ಲಿ ಅಷ್ಟು ವರ್ಷ ಇದ್ದವನಿಗೆ ಅದು ಹೊಳೆಯಬೇಕಿತ್ತು. ಗೂಟಗಳನ್ನು ನಾನೇ ಕಿತ್ತೆ.

"ಅಭ್ಯಂತರ ಇದೆ ಅಂತಲೇ ಬರೀತೀನಿ, ಬೋರಪ್ಪನವರೇ."

"ಬೆಂಗ್ಳೂರ್ಗಂಟ ಓಯ್ತೀನಿ. ನಿಮ್ಮುನ್ನ ಇಲ್ಲಿಂದ ಎತ್ತಂಗಡಿ ಮಾಡುಸ್ತೀನಿ ಸಾ."

"ಮಾಡಿಸಿ. ಊರಿನಲ್ಲಿ ಇಷ್ಟು ಜಾಗ ಇರೋವಾಗ ಇದೇ ಯಾಕೆ ಬೇಕು, ಅದನ್ನಾದರೂ ಹೇಳಿ."

ಅವನು ಬದುವಿನ ಮೇಲೆ ಕುಸಿದು ಕೂತ.

"ಈ ಜಾಗದ ದೆಸೆಯಿಂದ್ಲೇ ನಾಕ್ ವರ್ಸ ಅಣ್ಣನ್ ತಾವ ಮಾತಾಡ್ನಿಲ್ಲ ಸಾ. ಆಸ್ಪತ್ರೇಲಿ ಮನಗಿದ್ದಾಗ್ಲೂ ನೋಡಕ್ಕೋಗ್ನಿಲ್ಲ. ಇಲ್ಲೇ ಒಂದ್ ಮಂಟ್ಪ ಕಟ್ಟಿ, ತಪ್ಪಾಯ್ತು ಅಂತ ಕೈ ಮುಗ್ಯಾನ ಅಂತಿದ್ದೆ."

ನನ್ನ ಸಿಟ್ಟೆಲ್ಲ ಇಳಿದು ಹೋಯಿತು. ಜಮೀನಿನ ಆಸೆಯೆಂದು ನಾನು ಎಣಿಸಿದ್ದು ಬೇರೆಯೇ ಆಗಿತ್ತು. ಅವನ ಪಕ್ಕದಲ್ಲೇ ಕೂತೆ. ನಾವು ಕೂತ ಬದುವೇ ಗಡಿ: ಈಚೆಗೆ ಗೋಮಾಳ, ಆಚೆಗೆ ಅವನ ರಾಗಿ ಹೊಲ.

"ತಪ್ಪಾಯ್ತು ಅನ್ನೋರು ಅಣ್ಣ ಉಳಿಸಿದ್ದರಲ್ಲಿ ಕೇಳಬಾರದು. ತಮ್ಮದರಲ್ಲಿ ಕೊಡಬೇಕು," ಎಂದೆ.

ಬೋರಪ್ಪ ಎದ್ದ. ನನ್ನ ಕೈಯಿಂದ ಗೂಟಗಳನ್ನು ಇಸಿದುಕೊಂಡು ಬದು ದಾಟಿದ. ತೆನೆ ಬಿಟ್ಟಿದ್ದ ರಾಗಿಯ ನಡುವೆ ಮೊದಲ ಗೂಟ ನೆಟ್ಟು, "ಬನ್ನಿ ಸಾ, ಇಲ್ಲಿಂದ ಅಳೀರಿ," ಎಂದ. ಅಳೆಯುವಾಗ ಅವನು ಅಳುತ್ತಲೇ ಇದ್ದ. ನಾನು ನೋಡಿಯೂ ನೋಡದವನಂತೆ ಸರಪಳಿ ಬಿಗಿ ಹಿಡಿದೆ.

ಹಿರಿಯರನ್ನು ಗೌರವಿಸುವ ಉತ್ಸಾಹದಲ್ಲಿ ಅವರು ಮಾಡಿಟ್ಟ ಕೆಲಸವನ್ನೇ ಕೆಡಿಸಿಬಿಡುವುದು ಬಹಳ ಸುಲಭ. ಅಂದು ನಾನು ಕೆಡಿಸಿಯೇಬಿಡುತ್ತಿದ್ದೆ. ಆಮೇಲೆ ನಿವೃತ್ತಿಯಾಗುವವರೆಗೂ, ಎಷ್ಟು ದೊಡ್ಡ ಹೆಸರಿನಲ್ಲಿ ಅರ್ಜಿ ಬಂದರೂ, ಆ ನೆಲದ ಮೇಲೆ ದಿನಾ ಓಡಾಡುವವರನ್ನು ಮೊದಲು ಕೇಳದೆ ನಾನು ಅಳತೆಗೆ ಇಳಿದದ್ದಿಲ್ಲ.