ಒಂದಕ್ಕೆ ಬಂದ ಮಸೂದೆ

ಇಂಗ್ಲಿಷರ ಪಾರ್ಲಿಮೆಂಟಿನಲ್ಲಿ ‘ಮೊದಲನೆಯ ಓದು’ ಎಂಬ ಒಂದು ಶಾಸ್ತ್ರವಿದೆ. ಹೊಸ ಮಸೂದೆ ಬಂದ ದಿನ ಅದು ನಡೆಯುತ್ತದೆ. ಅದರ ವಿಶೇಷವೇನೆಂದರೆ, ಅವತ್ತು ಯಾರೂ ಏನನ್ನೂ ಓದುವುದಿಲ್ಲ. ಒಬ್ಬರು ಎದ್ದು ಮಸೂದೆಯ ಹೆಸರು ಹೇಳುತ್ತಾರೆ, ಇನ್ನೊಬ್ಬರು ಎರಡನೆಯ ಓದು ಯಾವತ್ತು ಎಂದು ಕೇಳುತ್ತಾರೆ, ಅಷ್ಟಕ್ಕೆ ಓದು ಮುಗಿಯಿತು. ಎಷ್ಟೋ ಸಲ ಆ ಮಸೂದೆ ಇನ್ನೂ ಅಚ್ಚೇ ಆಗಿರುವುದಿಲ್ಲ. ಇದು ತಿಳಿಯದೆ ನಾನು, ಕೆಲಸಕ್ಕೆ ಸೇರಿದ ಹೊಸದರಲ್ಲಿ, ಒಂದು ದಿನ ರಜೆ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ವೆಸ್ಟ್‌ಮಿನ್‌ಸ್ಟರಿಗೆ ಹೋಗಿ, ಸಾಲಿನಲ್ಲಿ ನಿಂತು, ಬೆಲ್ಟು ಬಿಚ್ಚಿ ತಪಾಸಣೆ ಮಾಡಿಸಿಕೊಂಡು, ಮೇಲಿನ ಗ್ಯಾಲರಿಯಲ್ಲಿ ಕುಳಿತಿದ್ದೆ. ಬೆಲ್ಟನ್ನು ಮತ್ತೆ ಸರಿಯಾಗಿ ಬಿಗಿದುಕೊಳ್ಳುವುದರೊಳಗೆ ಓದು ಮುಗಿದುಹೋಗಿತ್ತು.

ಬೇರೆಯವರಾಗಿದ್ದರೆ ನಕ್ಕು ಬಿಡುತ್ತಿದ್ದರೋ ಏನೋ, ನನಗೆ ಸಿಟ್ಟು ಬಂತು. ಓದು ಎನ್ನುವುದು ನನಗೆ ಸಿಕ್ಕಿದ್ದೇ ತಡವಾಗಿ. ಮುಧೋಳದಲ್ಲಿ ಬೆಲ್ಲದ ಅಂಗಡಿಯ ಕಟ್ಟೆ ಇಳಿದು ನಾನು ಶಾಲೆಯ ಕಟ್ಟೆ ಹತ್ತುವಷ್ಟರಲ್ಲಿ ಮೀಸೆ ಚಿಗುರಿತ್ತು. ನನ್ನನ್ನು ಏಕವಚನದಲ್ಲಿ ಕರೆಯಬೇಕೋ ಬಹುವಚನದಲ್ಲಿ ಕರೆಯಬೇಕೋ ತಿಳಿಯದೆ ಮಾಸ್ತರರು ಹೆಸರು ಕೂಗುವುದನ್ನೇ ಬಿಟ್ಟು, ಸೀಮೆಸುಣ್ಣದ ತುಂಡು ತೋರಿಸಿ ಎಬ್ಬಿಸುತ್ತಿದ್ದರು. ಹಾಗೆ ಕಲಿತವನು ಓದು ಎಂದ ಮೇಲೆ ಓದಬೇಕು ಎಂದು ನಂಬುತ್ತಾನೆ, ಸಾಲಿನ ಕೆಳಗೆ ಬೆರಳಿಟ್ಟು ಓದುತ್ತಾನೆ. ಟೈಪಿಂಗನ್ನೂ ನಾನು ಹಾಗೆಯೇ ಮಾಡುತ್ತೇನೆ, ಎರಡೇ ಬೆರಳು, ಒಂದೊಂದೇ ಅಕ್ಷರ. ನೀವು ಈ ಪ್ರಬಂಧವನ್ನು ಓದಿ ಮುಗಿಸುವ ಹೊತ್ತಿನಲ್ಲಿ ನಾನು ಇದರ ತಲೆಬರಹವನ್ನಷ್ಟೇ ಬರೆಯಬಲ್ಲೆ.

ಹೆಂಡತಿಗೆ ಸಟನ್ ಕಡೆಯ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿ, ಅವಳ ಬೆನ್ನಿಗೆ ನಾನೂ ಲಂಡನ್ನಿಗೆ ಬಂದವನು. ಒಂದು ಕೌನ್ಸಿಲಿನ, ಎಂದರೆ ನಮ್ಮ ಪುರಸಭೆಯಂಥದರ, ಕಚೇರಿಯಲ್ಲಿ ಮೊದಲು ಫೋನ್ ಎತ್ತುವ ಕೆಲಸವಿತ್ತು. ಈಗ ಇರುವುದು ಮಸೂದೆಗಳ ಬೆನ್ನು ಹತ್ತುವ ಕೆಲಸ. ಪಾರ್ಲಿಮೆಂಟಿಗೆ ಬರುವ ಯಾವ ಮಸೂದೆ ನಮ್ಮಂಥ ಕೌನ್ಸಿಲುಗಳ ತಲೆಯ ಮೇಲೆ ಬೀಳಬಹುದು ಎಂದು ಮೊದಲೇ ನೋಡಿ ಹೇಳಬೇಕು. ಕಸದ ಡಬ್ಬಿ, ಬೀದಿದೀಪ, ಮನೆ ಬಾಡಿಗೆ, ಶಾಲೆಯ ಊಟ, ಎಲ್ಲಕ್ಕೂ ಒಂದೊಂದು ಮಸೂದೆ, ಒಂದೊಂದಕ್ಕೂ ನೂರೆಂಟು ತಿದ್ದುಪಡಿ. ಮಸೂದೆ ಮಂಡನೆ ಎನ್ನುತ್ತಾರಲ್ಲ, ಅದಕ್ಕೊಂದು ಕೊಂಬು ಮೂಡಿದರೆ ಮುಂಡನ. ಮಂಡನೆ ಅವರದು, ಮುಂಡನ ನಮ್ಮದು. ವಾರಕ್ಕೊಮ್ಮೆ ನಾನು ಒಂದು ಟಿಪ್ಪಣಿ ಮಾಡಿ ನನ್ನ ಮೇಲಧಿಕಾರಿ ಹೆಲೆನ್‌ಗೆ ಕೊಡುತ್ತೇನೆ: ಮಸೂದೆಯ ಹೆಸರು, ಅದು ಎಲ್ಲಿಗೆ ಬಂತು, ನಮ್ಮ ಮೇಲೆ ಪರಿಣಾಮವೇನು. ಮೂರನೆಯದನ್ನು ಮಾತ್ರ ಅವಳು ಓದುತ್ತಾಳೆ. ಅದೂ ಒಂದೇ ಶಬ್ದದಲ್ಲಿರಬೇಕು.

ಈ ಕೆಲಸದಲ್ಲಿ ನಾನು ಕಲಿತ ದೊಡ್ಡ ವಿದ್ಯೆ ಎಂದರೆ ಇಡೀ ಕಾಯ್ದೆಯಲ್ಲಿ ನೋಡಬೇಕಾದ ಶಬ್ದಗಳು ಎರಡೇ ಎಂಬುದು. ಕೌನ್ಸಿಲ್ ಇಂಥದ್ದನ್ನು ಮಾಡತಕ್ಕದ್ದು ಎಂದಿದ್ದರೆ ಕಚೇರಿಯಲ್ಲಿ ಓಡಾಟ ಶುರುವಾಗುತ್ತದೆ. ಮಾಡಬಹುದು ಎಂದಿದ್ದರೆ ಎಲ್ಲರೂ ಚಹಾಕ್ಕೆ ಹೋಗುತ್ತಾರೆ. ನಮ್ಮ ಕನ್ನಡದ ‘ಬಹುದು’ ಬಹಳ ಒಳ್ಳೆಯ ಶಬ್ದ, ಅದರಲ್ಲಿ ಪರವಾನಗಿಯೂ ಇದೆ, ಆಸೆಯೂ ಇದೆ. ಮಳೆ ಬರಬಹುದು ಎಂದು ನಾವು ಹೇಳುವಾಗ ಮಳೆಗೆ ಯಾರೂ ಪರವಾನಗಿ ಕೊಡುತ್ತಿರುವುದಿಲ್ಲ, ಮುಗಿಲು ನೋಡುತ್ತಿರುತ್ತೇವೆ. ಕಾಯ್ದೆಯವರ ‘ಬಹುದು’ ಮುಗಿಲು ನೋಡುವುದಿಲ್ಲ. ಈ ವ್ಯತ್ಯಾಸವನ್ನು ನಾನು ಬಾಯಿಬಿಟ್ಟು ಹೇಳದೆ ಹೋದದ್ದರಿಂದ ನಮ್ಮ ಕೆಳಗಿನ ಫ್ಲ್ಯಾಟಿನ ಸಂಗಪ್ಪ ಕಾಕಾ ಎರಡು ವರ್ಷ ಮನೆಯಲ್ಲಿ ಕುಳಿತರು.

ಕಾಕಾ ವಿಜಯಪುರದ ಇಂಡಿ ಕಡೆಯವರು. ಮಗಳು ಮಹಾದೇವಿಯ ಜೊತೆ ಇರುತ್ತಾರೆ. ಮೊದಲೆಲ್ಲ ಗುರುವಾರಕ್ಕೊಮ್ಮೆ ಎರಡು ಬಸ್ಸು ಹಿಡಿದು ಟೂಟಿಂಗಿಗೆ ಹೋಗಿ, ಮಾರ್ಕೆಟ್ಟಿನಲ್ಲಿ ಬದನೆಕಾಯಿಯನ್ನು ಒತ್ತಿ ನೋಡಿ, ಬೈದು, ಕೊಳ್ಳದೆ ಬಂದು, ಗೆಳೆಯರ ಜೊತೆ ಇಡ್ಲಿ ತಿಂದು ಬರುತ್ತಿದ್ದರು. ಸಕ್ಕರೆ ಕಾಯಿಲೆಯವರು, ಜೊತೆಗೆ ವಯಸ್ಸು. ಬಸ್ಸು ಬದಲಿಸುವ ಜಾಗದಲ್ಲಿ ನೆಲದಡಿಗೆ ಒಂದು ಹಳೆಯ ಸಾರ್ವಜನಿಕ ಶೌಚಾಲಯವಿತ್ತು, ಅದನ್ನು ನಂಬಿಯೇ ಅವರ ಗುರುವಾರ ನಡೆಯುತ್ತಿತ್ತು. ಅದನ್ನು ಮುಚ್ಚಿದರು. ಮುಚ್ಚಿ ಅಲ್ಲೊಂದು ಕಾಫಿ ಅಂಗಡಿ ಮಾಡಿದರು. ಜನ ಹೊರಗೆ ಹಾಕುತ್ತಿದ್ದ ಜಾಗದಲ್ಲಿ ಈಗ ದುಡ್ಡು ಕೊಟ್ಟು ಒಳಗೆ ಹಾಕಿಕೊಳ್ಳುತ್ತಾರೆ. ಬಾಗಿಲಿಗೆ, ಶೌಚಾಲಯ ಗಿರಾಕಿಗಳಿಗೆ ಮಾತ್ರ ಎಂಬ ಬೋರ್ಡು.

ಕಾಕಾ ನನ್ನನ್ನು ಕರೆದು ಕೇಳಿದರು. “ತಮ್ಮಾ, ನೀ ಪಾರ್ಲಿಮೆಂಟಿನ ಮನಷ್ಯಾ ಅದೀ. ಕಾಯ್ದೆ ಏನ್ ಅಂತೈತಿ ನೋಡಿ ಹೇಳು. ಇದನ್ನ ಕಟ್ಟಸೂದು ಯಾರ ಕೆಲಸ?”

ಪಾರ್ಲಿಮೆಂಟಿನ ಮನುಷ್ಯ ಎಂದದ್ದಕ್ಕೆ ಉಬ್ಬಿಹೋಗಿ ನಾನು ಹಳೆಯ ಕಾಯ್ದೆಯನ್ನು ತೆಗೆದು, ಬೆರಳಿಟ್ಟು, ಕನ್ನಡದಲ್ಲಿ ಹೇಳಿದೆ: “ಕೌನ್ಸಿಲಿನವರು ಕಟ್ಟಬಹುದು ಅಂತ ಐತ್ರಿ ಕಾಕಾ.”

“ಕಟ್ಟಬಹುದು ಅಂತೀ?”

“ಹೌದ್ರಿ. ಕಟ್ಟಬಹುದು.”

“ಹಂಗಾದ್ರ ಕಟ್ಲಿ. ಆಮ್ಯಾಲೆ ಹೋದ್ರಾತು,” ಎಂದು ಕಾಕಾ ಚಪ್ಪಲಿಗಳನ್ನು ಬಾಗಿಲ ಹಿಂದೆ ಜೋಡಿಸಿಟ್ಟರು. ಅವರು ಮುಗಿಲು ನೋಡುತ್ತಿದ್ದಾರೆ ಎಂದು ನನಗೆ ಹೊಳೆಯಲಿಲ್ಲ. ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ “ಪಾಯಾ ತೋಡ್ಯಾರೇನು?” ಎಂದು ಕೇಳುತ್ತಿದ್ದರು. ಬೇರೆ ಯಾರದೋ ಮನೆಯ ವಿಷಯವಿರಬೇಕೆಂದುಕೊಂಡು ನಾನು “ಇನ್ನೂ ಇಲ್ರಿ” ಎನ್ನುತ್ತಿದ್ದೆ.

ಹೀಗಿರುವಾಗ ಯಾರೋ ಪುಣ್ಯಾತ್ಮ ಸದಸ್ಯರೊಬ್ಬರು ತಮ್ಮದೇ ಒಂದು ಮಸೂದೆ ತಂದರು. ಹಳೆಯ ಕಾಯ್ದೆಯ ‘ಒದಗಿಸಬಹುದು’ ಎಂಬಲ್ಲಿ ‘ಒದಗಿಸತಕ್ಕದ್ದು’ ಎಂದು ಹಾಕಬೇಕು, ಅಷ್ಟೇ. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಇಷ್ಟು ಚಿಕ್ಕ, ಇಷ್ಟು ಚೊಕ್ಕ ಮಸೂದೆಯನ್ನು ನಾನು ನೋಡಿರಲಿಲ್ಲ. ಕಚೇರಿಯ ಟಿಪ್ಪಣಿಯಲ್ಲಿ ಅದರ ಮುಂದೆ ‘ಪರಿಣಾಮ’ ಎಂಬಲ್ಲಿ ಹೆಲೆನ್ ಹೇಳಿದಂತೆ ‘ಅಪಾಯ’ ಎಂದು ಬರೆದೆ. “ಇದು ಪಾಸಾದರೆ ಕಟ್ಟಬೇಕಾದವರು ನಾವು, ಗೊತ್ತಲ್ಲ?” ಎಂದಳು ಅವಳು. ಸಂಜೆ ಮನೆಗೆ ಬಂದು, ಅದೇ ಮಸೂದೆಯನ್ನು ಕಾಕಾ ಮುಂದೆ ಶುಭ ಸಮಾಚಾರವೆಂದು ಹೇಳಿದೆ. ಒಂದೇ ಬಾಯಲ್ಲಿ ಹಗಲು ಅಪಾಯ, ಸಂಜೆ ಶುಭ. “ಅಂದ್ರ ಇನ್ನೂ ಕಟ್ಟಾಕ ಹತ್ತಿಲ್ಲೇನು?” ಎಂದು ಕಾಕಾ ಕೇಳಿದಾಗಲೇ, ಅವರು ಅಷ್ಟು ದಿನ ಯಾತಕ್ಕೆ ಕಾಯುತ್ತಿದ್ದರು ಎಂಬುದು ನನಗೆ ತಿಳಿದದ್ದು. ತಲೆ ತಗ್ಗಿಸಿ ಆ ಎರಡು ಬಹುದುಗಳ ವ್ಯತ್ಯಾಸ ಹೇಳಿದೆ.

ಕಾಕಾ ಬಾಗಿಲ ಹಿಂದಿನ ಚಪ್ಪಲಿಗಳ ಕಡೆ ಕೈ ಮಾಡಿದರು. “ಎರಡ್ ವರ್ಷ ನನ್ನ ಒಳಗ ಕುಂಡ್ರಿಸಿದಿ ಮಗನ,” ಎಂದವರು, “ಈಗ ಇದರೆ ಎಲ್ಲಿಗೆ ಬಂದೈತಿ?” ಎಂದು ಕೇಳಿದರು.

“ಮೊದಲನೇ ಓದು ಆಗೇತ್ರಿ. ಎರಡನೇದಕ್ಕ ಹೋಗಬೇಕು. ಶುಕ್ರವಾರ ಐತಿ.”

“ಒಂದಕ್ಕ ಅಂತ ಬಂದ ಮಸೂದಿ, ಎರಡಕ್ಕ ಹೋಗಲಾರದ ಕುಂತೈತಿ ಅನ್ನು!”

ಒಳಗಿಂದ ಮಹಾದೇವಿ “ಯಪ್ಪಾ, ಬಾಯಿಗೆ ಒಂದ್ ಬೀಗಾ ಹಾಕ್ರಿ” ಎಂದು ಕೂಗಿದರು. ಅವರಿಗೆ ನಗುವಷ್ಟು ಸಮಾಧಾನವಿರಲಿಲ್ಲ. ಶುಕ್ರವಾರದ ಆಚೆಯ ಭಾನುವಾರ ಸೌತ್‌ಹಾಲಿನಲ್ಲಿ ಅವರ ಮಗಳು ದೀಪಾಳ ಕೂಸಿಗೆ ಹೆಸರಿಡುವ ಕಾರ್ಯ. ಹೆಣ್ಣು ಕೂಸು. ಕಾಕಾ ಅವರ ತೀರಿಹೋದ ಹೆಂಡತಿಯ ಹೆಸರು, ಗೌರವ್ವ ಎಂಬುದನ್ನು ಗೌರಿ ಎಂದು ಮಾಡಿ ಇಡುವವರಿದ್ದರು. ಕಾಕಾ ಮಾತ್ರ ಬರುವುದಿಲ್ಲ ಎನ್ನುತ್ತಿದ್ದರು. ಕಾರಿನಲ್ಲಿ ಎಂದರೆ ಇನ್ನೂ ಹೆದರಿಕೆ, ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದರೆ ಇಳಿಯುವ ಹಾಗೂ ಇಲ್ಲ. “ನಾಕ್ ಮಂದ್ಯಾಗ ಧೋತರಾ ತೋಯಿಸ್ಕೊಂಡು, ಆಕಿ ಹೆಸರು ಕೇಳಲೇನು?” ಎಂದು ಅವರು ಹೇಳಿದ ಮೇಲೆ ಯಾರೂ ಒತ್ತಾಯ ಮಾಡಿರಲಿಲ್ಲ. “ಆ ಮಸೂದಿ ಪಾಸಾದ್ರ ಬರ್ತೀನಿ,” ಎಂದರು ಈಗ. ಪಾಸಾದ ಮರುದಿನವೇ ಯಾರೂ ಕಟ್ಟಿಬಿಡುವುದಿಲ್ಲ ಎಂದು ಅವರಿಗೂ ಗೊತ್ತಿತ್ತು. ಮಸೂದೆಗಿಂತ ಹೆಚ್ಚಾಗಿ, ತನ್ನ ಕಷ್ಟ ಒಂದು ಕಷ್ಟವೆಂದು ಯಾರಾದರೂ ಒಪ್ಪಲಿ ಎಂಬುದು ಅವರಿಗೆ ಬೇಕಿತ್ತು ಎಂದು ನನಗೆ ಅನ್ನಿಸುತ್ತದೆ.

ಶುಕ್ರವಾರ ನಾನು ಕಚೇರಿಯಲ್ಲಿ ಕಿವಿಗೆ ತಂತಿ ಸಿಕ್ಕಿಸಿಕೊಂಡು ಕಂಪ್ಯೂಟರಿನಲ್ಲಿ ನೋಡುತ್ತ ಕುಳಿತೆ. ಸದಸ್ಯರು ಸ್ವಂತವಾಗಿ ತಂದ ಮಸೂದೆಗಳಿಗೆ ಶುಕ್ರವಾರವೇ ಗತಿ. ಆವತ್ತು ಅರ್ಧಕ್ಕರ್ಧ ಜನ ತಮ್ಮ ತಮ್ಮ ಊರುಗಳಿಗೆ ಹೋಗಿರುತ್ತಾರೆ, ಹಸಿರು ಬೆಂಚುಗಳೇ ಹೆಚ್ಚು ಕಾಣುತ್ತವೆ. ಸಾಲಿನಲ್ಲಿ ನಮ್ಮದಕ್ಕಿಂತ ಮುಂದಿದ್ದ ಮಸೂದೆಯ ಮೇಲೆ ಒಬ್ಬ ಮಹಾಶಯರು ಮಾತಾಡಿದರು, ಮಾತಾಡಿದರು, ತಮ್ಮ ಅಜ್ಜನ ನಾಯಿಯ ಬಗ್ಗೆಯೂ ಮಾತಾಡಿದರು. ಮಧ್ಯಾಹ್ನ ಎರಡೂವರೆಗೆ ಸಮಯ ಮುಗಿಯಿತು. ಉಳಿದ ಮಸೂದೆಗಳ ಹೆಸರನ್ನು ಮಾತ್ರ ಸರಸರ ಓದಿದರು. ಆ ಹೊತ್ತಿನ ನಿಯಮ ಏನೆಂದರೆ, ಹೆಸರು ಓದಿದಾಗ ಒಬ್ಬೇ ಒಬ್ಬರು ‘ಆಕ್ಷೇಪ’ ಎಂದರೂ ಸಾಕು, ಮಸೂದೆ ನಿಂತುಹೋಗುತ್ತದೆ. ಯಾಕೆ ಎಂದು ಹೇಳಬೇಕಿಲ್ಲ. ಎದ್ದು ನಿಲ್ಲಬೇಕಾಗಿಯೂ ಇಲ್ಲ. ನಮ್ಮ ಮಸೂದೆಯ ಹೆಸರು ಬಂತು. ಯಾವುದೋ ಬೆಂಚಿನಿಂದ, ಆಕಳಿಸಿದ ಹಾಗೆ, ಒಂದು ದನಿ ‘ಆಕ್ಷೇಪ’ ಎಂದಿತು. ಮುಖವೂ ಕಾಣಲಿಲ್ಲ. ಅಧಿವೇಶನದಲ್ಲಿ ಅದೇ ಕೊನೆಯ ಶುಕ್ರವಾರ. ಇನ್ನು ಮಸೂದೆಗೆ ಗತಿಯಿಲ್ಲ.

ಆ ದನಿಯ ಮೇಲೆ ನನಗೆ ಬಂದ ಸಿಟ್ಟನ್ನು ಬರೆಯುವಷ್ಟು ವೇಗದ ಬೆರಳು ನನಗಿಲ್ಲ. ಸಂಜೆ ಕಾಕಾಗೆ ಹೇಳಿದೆ. ಕಾಕಾ “ಯಾಕಂತ?” ಎಂದರು. “ಯಾಕಂತ ಹೇಳಬೇಕಾಗಿಲ್ರಿ ಅವರು,” ಎಂದೆ. “ಹೇಳಬೇಕಾಗಿಲ್ಲಾ?” ಎಂದು ಕಾಕಾ ಎದ್ದೇಬಿಟ್ಟರು. ಮಸೂದೆ ಬಿದ್ದದ್ದಕ್ಕಿಂತ ಹೆಚ್ಚಾಗಿ ಅದು ಅವರನ್ನು ಕೆಣಕಿತು. “ಮುಖಾ ತೋರಿಸಲಾರದಾಂವ ಒಬ್ಬ ಒಲ್ಲೆ ಅಂದ್ರ, ನಾ ನನ್ನ ಗೌರವ್ವನ ಹೆಸರಿಗೆ ಹೋಗಬಾರದೇನು? ನಡಿ, ನೀನs ಕರಕೊಂಡು ಹೋಗು. ಎರಡ್ ವರ್ಷ ಕುಂಡ್ರಿಸಿದಾಂವ ನೀನs ಅಲ್ಲೇನು?”

ಭಾನುವಾರ ಹಳಿ ರಿಪೇರಿ, ರೈಲಿನ ಬದಲು ಬಸ್ಸು. ಮಹಾದೇವಿ ತೊಟ್ಟಿಲು, ಬುಟ್ಟಿ, ಪಾತ್ರೆ ಹೇರಿಕೊಂಡು ಹಿಂದಿನ ದಿನವೇ ಕಾರಿನಲ್ಲಿ ಹೋಗಿಯಾಗಿತ್ತು. ಬಸ್ಸಿನಲ್ಲಿ ಅರ್ಧ ಗಂಟೆಯಾಗುವಷ್ಟರಲ್ಲಿ ಕಾಕಾ ನನ್ನ ತೊಡೆ ಹಿಂಡಿದರು. ಇಳಿದೆವು. ಎದುರಿಗೆ ಪಬ್ಬೊಂದೇ ತೆರೆದಿತ್ತು. ಹಣೆ ತುಂಬ ವಿಭೂತಿ ಹಚ್ಚಿದ ಕಾಕಾ ಹೊಸ್ತಿಲಲ್ಲೇ ನಿಂತರು. “ಶೆರೆ ಅಂಗಡಿಗೆ ಕರಕೊಂಡ್ ಬಂದ್ಯಲ್ಲೋ!” ಎಂದರು, ಎಂದವರು ನನಗಿಂತ ಮುಂದೆ ಒಳಗೆ ಹೋದರು. ಹೊರಗೆ ಬಂದ ಮೇಲೆ ಸುಮ್ಮನೆ ಹೊರಡಲು ಅವರು ತಯಾರಿಲ್ಲ. “ಪುಕ್ಕಟ ಉಪಯೋಗಸೂದು ಚಲೋ ಅಲ್ಲ. ಏನರೆ ಕೊಳ್ಳೂಣು.” ಕಿತ್ತಳೆ ರಸ ಕೊಂಡೆವು. ಕೊಂಡದ್ದನ್ನು ಚೆಲ್ಲಬಾರದೆಂದು ಕಾಕಾ ದೊಡ್ಡ ಗ್ಲಾಸನ್ನು ಪೂರ್ತಿ ಕುಡಿದರು. ಅದರ ಫಲವಾಗಿ ಮುಂದಿನ ಪಬ್ಬು. ಅಲ್ಲಿಯೂ ಮರ್ಯಾದೆ, ಅಲ್ಲಿಯೂ ಕಿತ್ತಳೆ ರಸ. “ಕಾಕಾ, ಬಿಸ್ಕಿಟ್ ಕೊಳ್ಳೂಣ್ರಿ, ಕುಡಿಯೂದ್ ಬ್ಯಾಡ್ರಿ,” ಎಂದು ಅಳುವುದೊಂದೇ ಬಾಕಿಯಾಗಿ ಹೇಳಿದೆ. “ಸಕ್ಕರಿ ಬ್ಯಾನಿ ಐತಿ, ಬಿಸ್ಕಿಟ್ ಹೆಂಗ್ ತಿನ್ನಲಿ?” ಎಂದರು. ರಸದಲ್ಲಿರುವ ಸಕ್ಕರೆಯ ಬಗ್ಗೆ ವಾದ ಮಾಡಲು ನನ್ನಲ್ಲಿ ತ್ರಾಣವಿರಲಿಲ್ಲ.

ಮೂರು ಪಬ್ಬು ದಾಟಿ ನಾವು ಸೌತ್‌ಹಾಲಿನ ಆ ಮನೆ ಮುಟ್ಟಿದಾಗ ಗುಗ್ಗರಿ ಹಂಚುತ್ತಿದ್ದರು. ಕೂಸು ಹಸಿದು ಅಳುತ್ತಿತ್ತೆಂದು ಹೆಸರು ಕರೆದಾಗಿತ್ತು. ಕಾಕಾ ಬಾಗಿಲಲ್ಲಿ ನಿಂತು ತೊಟ್ಟಿಲ ಕಡೆ ನೋಡಿದರು. ಲಂಡನ್ನಿನಲ್ಲೇ ಬೆಳೆದ ದೀಪಾ ಅರ್ಧ ಕನ್ನಡ ಅರ್ಧ ಇಂಗ್ಲಿಷಿನಲ್ಲಿ, “ಸಾರಿ ಮುತ್ಯಾ, ವೆರಿ ಸಾರಿ, ನಾವು ಫೋನ್ ಮಾಡಿದ್ವಿ,” ಎಂದಳು. ಆಮೇಲೆ ತಾಯಿಯ ಕಡೆ ತಿರುಗಿ, “ಅಮ್ಮಾ, ಇನ್ನೊಂದ್ ಸಲ ಕರೀಬಾರದಾ? ಏನ್ ಆಗ್ತದ?” ಎಂದಳು.

ಕಾರ್ಯ ನಡೆಸಿದ ಸ್ವಾಮಿಗಳು ಆಗಲೇ ಊಟಕ್ಕೆ ಕೂತಿದ್ದರು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಯಾರೂ ಒಲ್ಲೆ ಅನ್ನಲಿಲ್ಲ. ಕೂಸನ್ನು ಮತ್ತೆ ತೊಟ್ಟಿಲಿಗೆ ಹಾಕಿದರು. “ಒಂದ್ ನಿಮಿಷ ತಡೀರಿ, ಮೊದಲು ನನಗ ಆ ಖೋಲಿ ತೋರಿಸ್ರಿ,” ಎಂದರು ಕಾಕಾ. ಇಡೀ ಮನೆ ಕಾಯಿತು. ಅವರು ಕೈ ತೊಳೆದುಕೊಂಡು ಬಂದು ತೊಟ್ಟಿಲ ಹಗ್ಗ ಹಿಡಿದರು. ದೀಪಾಳ ನಾದಿನಿ ಕೂಸಿನ ಕಿವಿಯಲ್ಲಿ ಹೆಸರು ಹೇಳಿದಳು. ಕಾಕಾಗೆ ಕೇಳಿಸಲೆಂದು ಸ್ವಲ್ಪ ಜೋರಾಗಿಯೇ ಹೇಳಿದಳು.

ಸೋಮವಾರ ಟಿಪ್ಪಣಿ ಬರೆಯುವಾಗ ಆ ಮಸೂದೆಯ ಮುಂದೆ ‘ಬಿದ್ದಿದೆ’ ಎಂದು ಹಾಕಿದೆ. ಪರಿಣಾಮ ಎಂಬಲ್ಲಿಗೆ ಬಂದು ಬೆರಳು ನಿಂತಿತು. ಆಮೇಲೆ ಒಂದೊಂದೇ ಅಕ್ಷರ ಒತ್ತುತ್ತ ಬರೆದೆ: ‘ವಯಸ್ಸಾದ ಒಬ್ಬ ನಿವಾಸಿ ಮೊಮ್ಮಗಳ ಮನೆ ಮುಟ್ಟಲು ಮೂರು ಗ್ಲಾಸು ಕಿತ್ತಳೆ ರಸ ಕುಡಿಯಬೇಕಾಯಿತು.’ ಹೆಲೆನ್ ನನ್ನ ಹೆಗಲ ಮೇಲಿಂದ ಬಗ್ಗಿ ಓದಿದಳು. “ಇದನ್ನು ಹೇಗೆ ಬಿಡಲಿ? ‘ಇಲ್ಲ’ ಅಂತ ಹಾಕು ಸಾಕು,” ಎಂದು ಅಳಿಸಲು ಕೈ ಚಾಚಿದಳು.

“ಆಕ್ಷೇಪ!” ಎಂದೆ ನಾನು.

ಕಚೇರಿಯ ಅಷ್ಟೂ ಜನ ತಿರುಗಿ ನೋಡುವಷ್ಟು ಜೋರಾಗಿತ್ತು. ಹೆಲೆನ್‌ಗೂ ನಿಯಮ ಗೊತ್ತು. ಯಾಕೆ ಎಂದು ಅವಳು ಕೇಳಲಿಲ್ಲ, ನಾನು ಹೇಳಲೂ ಇಲ್ಲ. ಅವಳ ಕೈ ಹಿಂದೆ ಹೋಯಿತು.